ಅವರೆ ಬೀಜ ಊರಲ್ಲೇ ಇರಲಿ

ರಜೆಗೆಂದು ಮಂಡ್ಯಕ್ಕೆ ಬಂದಿದ್ದೇನೆ. ನಮ್ಮ ಬೀದಿಯ ಗಂಡ ಹೆಂಡತಿ ಮುಂದಿನ ತಿಂಗಳು ನಾನಿರುವ ಟೊರೊಂಟೊಗೆ ಹೊರಟಿದ್ದಾರೆ. ಅಲ್ಲಿ ಮನೆ ಹಿಂದೆ ಎರಡು ಮಂಚ ಹಾಕುವಷ್ಟು ಮಣ್ಣಿದೆಯಂತೆ. ಅಜ್ಜಿ ಆಗಲೇ ಅವರೆ, ನುಗ್ಗೆ, ಈರನಗೆರೆ ಬದನೆ ಬೀಜಗಳನ್ನು ಗಂಟು ಕಟ್ಟಿಟ್ಟಿದ್ದಾರೆ. ಆ ಗಂಡ ಹೆಂಡತಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಬೀಜ ಒಯ್ಯಲು ನಿಯಮಗಳಿವೆ, ಮುಚ್ಚಿಟ್ಟು ಒಯ್ದರೆ ದಂಡ ಬೀಳಬಹುದು. ಅದಕ್ಕಿಂತ ದೊಡ್ಡ ತೊಂದರೆ ಬಿಸಿಲಿನದು. ಮೊದಲ ವರ್ಷ ಅಲ್ಲಿನ ಅಂಗಡಿಯ ಅವರೆಕಾಳನ್ನೇ ಬಿತ್ತಿದ್ದೆ. ಬಳ್ಳಿ ಬೇಲಿ ಹತ್ತಿತು, ಹೂವೇ ಇಲ್ಲ! ನಮ್ಮ ಅವರೆಗೆ ಹಗಲು ಚಿಕ್ಕದಾಗಬೇಕು. ಇಲ್ಲಿ ಜೂನ್‌ನಲ್ಲೂ ಹಗಲು ಸುಮಾರು 13 ಗಂಟೆ, ಅಲ್ಲಿ 15 ದಾಟುತ್ತದೆ. ಹೂ ಕಾಣುವ ಹೊತ್ತಿಗೆ ಅಕ್ಟೋಬರ್‌ನ ಇಬ್ಬನಿ ಹೆಪ್ಪುಗಟ್ಟಿ ಬಳ್ಳಿ ಕರಿಕಾಯಿತು. ನುಗ್ಗೆಯಂತೂ ಕೇಳಲೇಬೇಡಿ.

ದುಡ್ಡು ಉಳಿಯಬೇಕಾದರೆ ಸೊಪ್ಪು ಹಾಕಿ. ಆಲೂಗಡ್ಡೆ, ಈರುಳ್ಳಿ, ಕೋಸು ಅಲ್ಲಿ ಅಗ್ಗ, ಅವಕ್ಕೆ ಜಾಗ ಕೊಡಬೇಡಿ. ಸೊಪ್ಪು ಹಾಗಲ್ಲ. ಚಿಕ್ಕ ಕಟ್ಟು, ಬೆಲೆ ಜಾಸ್ತಿ, ಅರ್ಧ ಫ್ರಿಜ್‌ನಲ್ಲೇ ಕೊಳೆಯುತ್ತದೆ. ಮೆಂತ್ಯಕ್ಕೆ ಬೀಜದ ಪ್ಯಾಕೆಟ್ಟೂ ಬೇಡ, ಅಡುಗೆಮನೆ ಡಬ್ಬಿಯದನ್ನೇ ರಾತ್ರಿ ನೆನೆಸಿ ಚೆಲ್ಲಿ. ಒಂದು ತಿಂಗಳಲ್ಲಿ ಕೀಳಬಹುದು. ಕೊತ್ತಂಬರಿ ಬೀಜವನ್ನು ಲಟ್ಟಣಿಗೆಯಲ್ಲಿ ಮೆಲ್ಲಗೆ ಉರುಳಿಸಿ ಎರಡು ಹೋಳು ಮಾಡಿ. ಇವೆರಡೂ ತಣ್ಣನೆಯ ಹವೆಗೆ ಒಗ್ಗುತ್ತವೆ, ಏಪ್ರಿಲ್ ಕೊನೆಗೇ ಹಾಕಬಹುದು. ಕೊತ್ತಂಬರಿಯನ್ನು ಒಂದೇ ಸಲಕ್ಕೆ ಹಾಕಬೇಡಿ, ಜುಲೈ ಸೆಕೆಗೆ ಎಲ್ಲವೂ ಹೂವಿಗೆ ಹೋಗುತ್ತದೆ. ಎರಡು ಮೂರು ವಾರಕ್ಕೊಮ್ಮೆ ಒಂದು ಹಿಡಿ ಸಾಕು.

ದಂಟಿಗೆ ಮಾತ್ರ ಬಿಸಿ ಮಣ್ಣು ಬೇಕು, ಜೂನ್‌ವರೆಗೆ ಕಾಯಿರಿ. ಕುಡಿ ಚಿವುಟಿದಷ್ಟೂ ಕವಲೊಡೆಯುತ್ತದೆ. ಒಂದು ಚಮಚ ಬೀಜದಲ್ಲಿ ಸೆಪ್ಟೆಂಬರ್‌ವರೆಗೆ ನಮ್ಮ ಮನೆಯ ಉಪ್ಸಾರು, ಮಸ್ಸೊಪ್ಪು ನಡೆಯುತ್ತದೆ. ಪುದೀನವನ್ನು ಕುಂಡದಲ್ಲೇ ಇಡಿ, ನೆಲಕ್ಕೆ ಬಿಟ್ಟರೆ ಬೇರೆಲ್ಲವನ್ನೂ ನುಂಗುತ್ತದೆ. ಚಳಿಗೆ ಒಣಗಿ ಮತ್ತೆ ಬೇರಿನಿಂದ ಚಿಗುರುತ್ತದೆ.

ಟೊಮೆಟೊ, ಮೆಣಸಿನಕಾಯಿಯನ್ನು ಮೊದಲ ವರ್ಷ ಸಸಿಯಾಗಿಯೇ ಕೊಳ್ಳಿ. ಮೇ 20ರ ಆಸುಪಾಸಿನ ವಿಕ್ಟೋರಿಯಾ ಡೇ ಎಂಬ ಅಲ್ಲಿನ ರಜಾದಿನ ಮುಗಿಯದೆ ಹೊರಗೆ ನೆಡಬೇಡಿ. ನಾನು ಆತುರಪಟ್ಟು ಒಂದೇ ರಾತ್ರಿಯ ಚಳಿಗೆ ಆರು ಸಸಿ ಕಳೆದುಕೊಂಡೆ. ಮೆಣಸಿನಗಿಡ ಕುಂಡದಲ್ಲಿದ್ದರೆ ಚಳಿಗಾಲಕ್ಕೆ ಕಿಟಕಿ ಹತ್ತಿರ ಒಳಗಿಡಬಹುದು. ಹುರುಳಿಕಾಯಿಯಲ್ಲಿ ಪೊದೆ ಜಾತಿ ಒಂದು ಸಾಲು ಸಾಕು.

ಮರದ ಚೌಕಟ್ಟು, ದುಬಾರಿ ಮಣ್ಣಿನ ಮೂಟೆ ಅಂತೆಲ್ಲ ಸುಮ್ನೆ ಖರ್ಚು ಮಾಡಿದರೆ ಉಳಿತಾಯ ಎಲ್ಲಿಂದ ಬರಬೇಕು ಅಲ್ವಾ? ಇರುವ ಮಣ್ಣಿಗೆ ಒಂದಿಷ್ಟು ಗೊಬ್ಬರ ಬೆರೆಸಿ ಶುರು ಮಾಡಿ. ಅಕ್ಟೋಬರ್‌ನಲ್ಲಿ ಖಾಲಿಯಾದ ಜಾಗಕ್ಕೆ ಬೆಳ್ಳುಳ್ಳಿ ಎಸಳು ಊರಿ, ಮೇಲೆ ಒಣಗಿದ ಎಲೆ ಹೊದಿಸಿ. ಹಿಮದಡಿ ಮಲಗಿದ್ದು ಜುಲೈಗೆ ಗೆಡ್ಡೆಯಾಗುತ್ತದೆ.