ಸ್ವಿಚ್ ಒಳ್ಳೆ ಕಾಲಿಗೆ ಹೋದ ಮೇಲೆ ಪಾದ ಎದ್ದಿತು

ಸ್ಟ್ರೋಕ್ ಆದ ಮೇಲೆ ಪಾದ ಜೋತುಬಿದ್ದರೆ ನಾವೆಲ್ಲ ಮೊದಲು ಬರೆದುಕೊಡುವುದು ಪಾದ ಎತ್ತಿ ಹಿಡಿಯುವ ಪ್ಲಾಸ್ಟಿಕ್ ಆಸರೆ, ಅಂದರೆ ಎಎಫ್‌ಒ. ಮನೆಯೊಳಗೆ ಬರಿಗಾಲಲ್ಲೇ ಓಡಾಡುವ ನಮ್ಮ ಜನಕ್ಕೆ ಅದು ಒಗ್ಗುವುದಿಲ್ಲ, ಟೈಲ್ಸ್ ಮೇಲೆ ಪ್ಲಾಸ್ಟಿಕ್ ಜಾರುತ್ತದೆ. ಹಾಗಾಗಿ ನಡೆಯುವಾಗಲೇ ಪಾದ ಎತ್ತಿಸುವ ಪೆರೋನಿಯಲ್ ನರಕ್ಕೆ ಕರೆಂಟ್ ಕೊಡುವ ದಾರಿ ಹಿಡಿದೆ. 1961ರಲ್ಲೇ ಅಮೆರಿಕದ ವೈದ್ಯ ಲಿಬರ್ಸನ್ ತೋರಿಸಿದ ವಿಧಾನ. ಇಂಪೋರ್ಟೆಡ್ ಯಂತ್ರಕ್ಕೆ ಲಕ್ಷಗಟ್ಟಲೆ ಬೇಕು, ಹಾಗಾಗಿ ನರ-ಸ್ನಾಯುವಿಗೆ ಸಣ್ಣ ಕರೆಂಟ್ ಕೊಡುವ ಸಾದಾ ಸ್ಟಿಮ್ಯುಲೇಟರಿಗೇ ಸ್ವಿಚ್ ಜೋಡಿಸಿದೆ. ‘ಸಾದಾ ಸ್ಟಿಮ್ಯುಲೇಟರಲ್ಲಿ ನಡಿಗೆ ಬರಲ್ಲ’ ಎಂದ ಫಿಸಿಯೋಗಳೇ ಈಗ ಸೆಟ್ಟಿಂಗ್ ಕೇಳಿ ಫೋನ್ ಮಾಡುತ್ತಿದ್ದಾರೆ.

ಹ್ಯಾಂಡ್ ಸ್ವಿಚ್ ಸಾಕೆಟ್ ಇರುವ, ಬ್ಯಾಟರಿಯ ಸ್ಟಿಮ್ಯುಲೇಟರಿಗೆ ಏಳೆಂಟು ಸಾವಿರ ಆಯಿತು. ಕರೆಂಟಿನ ಪ್ಲಗ್ಗಿಗೆ ಹಾಕುವಂಥದ್ದು ಬೇಡವೇ ಬೇಡ. ಬೆಂಗಳೂರಿನ ಎಸ್.ಪಿ. ರೋಡಲ್ಲಿ, ಹಿಮ್ಮಡಿ ಕೆಳಗೆ ಸ್ವಿಚ್ಚಾಗಿ ಇಡುವ ಚಪ್ಪಟೆ ಪ್ರೆಷರ್ ಸೆನ್ಸರ್, ಟೈಮರ್ ಬೋರ್ಡ್, ವೈರ್ ಎಲ್ಲ ಸೇರಿ ಸಾವಿರದೊಳಗೆ. ಅದಕ್ಕೂ ಮುಂಚೆ ತಂದ ಮೈಕ್ರೋಸ್ವಿಚ್‌ಗಳ ದುಡ್ಡು ದಂಡ: ಮೈಭಾರಕ್ಕೆ ಮೂರ್ನಾಲ್ಕು ದಿನದಲ್ಲಿ ಲಿವರ್ ಬಾಗಿತು. ಚರ್ಮಕ್ಕೆ ಅಂಟಿಸಿ ಕರೆಂಟ್ ಹಾಯಿಸುವ ಪ್ಯಾಡ್ ನಾಲ್ಕಕ್ಕೆ ಮುನ್ನೂರು ಚಿಲ್ಲರೆ; ಏಪ್ರಿಲ್ ಬೆವರಿಗೆ ಹದಿನೈದು ಸಲ ಹಾಕುವಷ್ಟರಲ್ಲಿ ಅಂಟು ಹೋಗುತ್ತದೆ.

ಸೆಟ್ಟಿಂಗ್ ಇದು: ಸೆಕೆಂಡಿಗೆ 35 ಮಿಡಿತ (35 ಹರ್ಟ್ಸ್), ಒಂದೊಂದು ಮಿಡಿತ 300 ಮೈಕ್ರೋಸೆಕೆಂಡ್, ಕರೆಂಟ್ 20ರಿಂದ 35 ಮಿಲಿಆಂಪ್. ಒಂದು ಪ್ಯಾಡ್ ಫಿಬುಲಾ ತಲೆಯ (ಮಂಡಿಯ ಹೊರಬದಿಗೆ ಕೈಗೆ ಸಿಗುವ ಮೂಳೆ ಗಂಟು) ಕೆಳಗೆ ತುಸು ಹಿಂದೆ, ಇನ್ನೊಂದು ಮಂಡಿ ಕೆಳಗೆ ಕಾಲಿನ ಮುಂಬದಿಯಲ್ಲಿ ಪಾದ ಎತ್ತುವ ಸ್ನಾಯು ಟಿಬಿಯಾಲಿಸ್ ಆಂಟೀರಿಯರ್ ಮೇಲೆ. ಪಾದ ಒಳಕ್ಕೆ ತಿರುಚಿದರೆ ಫಿಬುಲಾ ಬಳಿಯ ಪ್ಯಾಡನ್ನು ನರದ ಹತ್ತಿರಕ್ಕೆ, ಅಂದರೆ ಅರ್ಧ ಬೆರಳು ಹಿಂದಕ್ಕೆ ಸರಿಸಬೇಕು. ಕೂತಾಗ ಗುರುತು ಮಾಡಿದ ಜಾಗ ನಿಂತಾಗ ತಪ್ಪುತ್ತದೆ, ಮಂಡಿ ನೆಟ್ಟಗಾದರೆ ಚರ್ಮ ಸರಿಯುತ್ತದೆ. ನಿಲ್ಲಿಸಿಯೇ ಗುರುತು ಹಾಕಿ. ಮನೆಯವರೇ ದಿನಾ ತಪ್ಪದೆ ಅದೇ ಜಾಗಕ್ಕೆ ಅಂಟಿಸುವಂತೆ ಪಟ್ಟಿ ಹೊಲಿಯುವ ಉಪಾಯ ಒಂದಿದೆ, ಅದು ಸದ್ಯ ನನ್ನಲ್ಲೇ ಇರಲಿ.

ಬಹಳ ದಿನ ಕಾಡಿದ್ದು ಸ್ವಿಚ್ಚಿನ ಜಾಗ. ರೂಢಿಯಂತೆ ಅದು ಬಿದ್ದ ಕಾಲಿನ ಹಿಮ್ಮಡಿ ಕೆಳಗೆ: ಹಿಮ್ಮಡಿ ಎತ್ತಿದರೆ ಆನ್, ಊರಿದರೆ ಆಫ್. ಮೀನಖಂಡ ಬಿಗಿದು ತುದಿಗಾಲಲ್ಲಿ ನಡೆಯುವವರ ಹಿಮ್ಮಡಿ ನೆಲ ಮುಟ್ಟಿದರೆ ತಾನೆ! ಕರೆಂಟ್ ನಿಲ್ಲದೆ ಹರಿದು ಹತ್ತು ನಿಮಿಷಕ್ಕೇ ಸ್ನಾಯು ಸೋಲುತ್ತಿತ್ತು. ಸ್ವಿಚ್ಚನ್ನು ಒಳ್ಳೆ ಕಾಲಿನ ಹಿಮ್ಮಡಿಗೆ ಹಾಕಿದೆ: ಅದು ಊರಿದಾಗ ಆನ್. ಆದರೆ ಸುಮ್ಮನೆ ನಿಂತರೂ ಆನ್ ಆಗೇ ಉಳಿಯುತ್ತದೆ, ಅದಕ್ಕೇ ಟೈಮರ್. ಒಂದೂವರೆ ಸೆಕೆಂಡಿಗೆ ಕಟ್. ನಿಧಾನ ನಡೆಯುವವರಿಗೆ ಪಾದ ಬೇಗನೇ ಎದ್ದುಬಿಡುತ್ತದೆ, ಕಾಲು ಸೆಕೆಂಡ್ ತಡ ಕೊಡಬೇಕು. ಕರೆಂಟ್ ಥಟ್ಟನೆ ಏರಿದರೆ ಮೀನಖಂಡ ಗಡಗಡ ನಡುಗುತ್ತದೆ. ಅಂಥವರಿಗೆ ಕರೆಂಟ್ ಮೆಲ್ಲಗೆ ಏರುವಂತೆ ಅರ್ಧ ಸೆಕೆಂಡ್ ರ‍್ಯಾಂಪ್ ಇಟ್ಟು ತಡವನ್ನು ತೆಗೆದುಬಿಟ್ಟೆ. ನಡಿಗೆಗೆ ಮುಂಚೆ ಬಿಗಿದ ಮೀನಖಂಡ ಸಡಿಲಿಸಲು ಇಳಿಜಾರು ಹಲಗೆ ಮೇಲೆ ಐದು ನಿಮಿಷ ನಿಲ್ಲಿಸುವುದನ್ನು ಮಾತ್ರ ಬಿಡುವಂತಿಲ್ಲ.

ಮೊದಲ ವಾರ ಹತ್ತು ನಿಮಿಷದಂತೆ ದಿನಕ್ಕೆರಡು ಸಲ, ತಿಂಗಳ ಹೊತ್ತಿಗೆ ಅರ್ಧ ಗಂಟೆ. ಹೆಬ್ಬೆರಳು ನೆಲಕ್ಕೆ ಉಜ್ಜುವ ಸದ್ದು ಕೇಳಿದ ತಕ್ಷಣ ನಿಲ್ಲಿಸಿ.

ನಡುವೆ ಫೋನಿನ ಮೆಟ್ರೋನೋಮ್ (ಒಂದೇ ಸಮ ತಾಳ ಬಡಿಯುವ ಆ್ಯಪ್) ಕೂಡ ನೋಡಿದೆ. ಅವರದೇ ವೇಗಕ್ಕಿಂತ ನಾಲ್ಕೈದು ಬಡಿತ ಹೆಚ್ಚಿಟ್ಟರೆ ಹೆಜ್ಜೆ ಸಮವಾಗುತ್ತದೆ, ಅದಕ್ಕಿಂತ ಹೆಚ್ಚಿಗೆ ಮುಗ್ಗರಿಸುತ್ತಾರೆ. ರಂಗೋಲಿ ಪುಡಿಯಲ್ಲಿ ಗೆರೆ ಎಳೆದು ಹೆಜ್ಜೆ ಹಾಕಿಸಿದ್ದು ಕೆಲಸಕ್ಕೆ ಬರಲಿಲ್ಲ, ತಲೆ ತಗ್ಗಿಸಿ ನಡೆಯುವ ಚಾಳಿ ಬಿತ್ತು.

ಪೇಸ್‌ಮೇಕರ್ ಇದ್ದವರಿಗೆ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ಅನುಮಾನ ಇರುವವರಿಗೆ, ಹತೋಟಿಗೆ ಬಾರದ ಫಿಟ್ಸ್ ಇರುವವರಿಗೆ ಇದನ್ನು ಹಾಕುವುದಿಲ್ಲ. ಉಳಿದವರಿಗೆ ವಾರಕ್ಕೊಮ್ಮೆ ಕರೆಂಟ್ ಆಫ್ ಮಾಡಿ ಬಚ್ಚಲಿನ ಹೊಸ್ತಿಲು ದಾಟಿಸಿ ನೋಡುತ್ತೇನೆ. ಬೆರಳು ತಾಗದೆ ಮೂರು ಸಲ ದಾಟಿದರೆ, ಮನೆಯೊಳಗಿನ ಓಡಾಟಕ್ಕೆ ಯಂತ್ರ ತೆಗೆದಿಡಿಸುತ್ತೇನೆ.