ಊಟ, ಔಷಧಿಗೆ ಕತ್ತರಿ ಹಾಕಬೇಡಿ: ಅಮೆರಿಕದಲ್ಲಿ ನಿಮ್ಮ ಪ್ರತಿನಿಧಿಗೆ ಹೇಳುವುದು ಹೇಗೆ?

ಅಮೆರಿಕದಲ್ಲಿರುವ ಕನ್ನಡಿಗರ ಮನೆಗಳಲ್ಲಿ ಈ ಮಾತು ಆಗಾಗ ಕೇಳಿಬರುತ್ತದೆ: ‘ನಾವು ಗ್ರೀನ್ ಕಾರ್ಡ್‌ಗೆ ಕಾಯ್ತಿರೋರು. ಓಟೇ ಇಲ್ಲ, ನಮ್ಮ ಮಾತು ಯಾರು ಕೇಳ್ತಾರೆ?’ ಕೇಳುತ್ತಾರೆ. ಒಂದು ಕ್ಷೇತ್ರದಿಂದ ಅಮೆರಿಕದ ಸಂಸತ್ತಿಗೆ ಹೋದವರು ಅಲ್ಲಿ ವಾಸವಿರುವ ಎಲ್ಲರಿಗೂ ಪ್ರತಿನಿಧಿ. ಸರ್ಕಾರಕ್ಕೆ ಅಹವಾಲು ಹೇಳಿಕೊಳ್ಳುವ ಹಕ್ಕು ಅಲ್ಲಿನ ಸಂವಿಧಾನದ ಮೊದಲನೇ ತಿದ್ದುಪಡಿಯಲ್ಲೇ ಇದೆ. ಪೌರತ್ವ ಇಲ್ಲದವರು ಓಟು ಹಾಕುವ ಹಾಗಿಲ್ಲ. ವೀಸಾದಲ್ಲಿರುವವರು ಚುನಾವಣೆಗೆ ದುಡ್ಡು ಕೊಡುವ ಹಾಗೂ ಇಲ್ಲ. ಆದರೆ ಫೋನ್ ಮಾಡಬಹುದು, ಪತ್ರ ಬರೆಯಬಹುದು, ಎದುರು ಕೂತು ಕೇಳಬಹುದು.

ಕೇಳುವ ಕಾರಣ ದೊಡ್ಡದಾಗಿಯೇ ಇದೆ. ಬಡವರಿಗೆ, ಅಂಗವಿಕಲರಿಗೆ, ಕೈಲಾಗದ ಹಿರಿಯರಿಗೆ ಆಸ್ಪತ್ರೆ ಖರ್ಚು ಕೊಡುವ ಯೋಜನೆ ಮೆಡಿಕೇಡ್. ಶುರುವಾಗಿದ್ದು 1965ರಲ್ಲಿ. ಅಮೆರಿಕದ ಹತ್ತು ಹೆರಿಗೆಗಳಲ್ಲಿ ಸುಮಾರು ನಾಲ್ಕರ ಖರ್ಚು ಇದರದೇ. ನರ್ಸಿಂಗ್ ಹೋಮ್‌ನಲ್ಲಿರುವ ಹತ್ತು ಜನರಲ್ಲಿ ಸುಮಾರು ಆರು ಜನ ಇದನ್ನೇ ನಂಬಿದ್ದಾರೆ. ಇನ್ನೊಂದು ಯೋಜನೆ ಸ್ನ್ಯಾಪ್. ಹಳೆಯ ಹೆಸರು ಫುಡ್ ಸ್ಟ್ಯಾಂಪ್. ನಮ್ಮ ರೇಷನ್ ಕಾರ್ಡ್ ಇದ್ದ ಹಾಗೆ. ಆದರೆ ಅಕ್ಕಿ ಬದಲು ಕಾರ್ಡ್‌ಗೆ ದುಡ್ಡು ಬೀಳುತ್ತದೆ, ದಿನಸಿ ಅಂಗಡಿಯಲ್ಲಿ ಉಜ್ಜಿ ಸಾಮಾನು ತರಬಹುದು. ಎಷ್ಟೋ ಇಂಡಿಯನ್ ಗ್ರೋಸರಿ ಅಂಗಡಿಗಳೂ ಈ ಇಬಿಟಿ ಕಾರ್ಡ್ ತೆಗೆದುಕೊಳ್ಳುತ್ತವೆ. 2024ರಲ್ಲಿ ತಿಂಗಳಿಗೆ 4 ಕೋಟಿಗೂ ಜಾಸ್ತಿ ಜನ ಇದನ್ನು ಪಡೆಯುತ್ತಿದ್ದರು. ಒಬ್ಬರಿಗೆ ಸಿಗುವುದು ಸರಾಸರಿ ದಿನಕ್ಕೆ 6 ಡಾಲರ್‌ನಷ್ಟು.

2025ರ ಜುಲೈ 4ರಂದು ಸಹಿಯಾದ ಕಾನೂನು ಈ ಎರಡಕ್ಕೂ ಕತ್ತರಿ ಹಾಕಿದೆ. ಇದರಿಂದ 2034ರ ಹೊತ್ತಿಗೆ ಸುಮಾರು 1 ಕೋಟಿ ಜನ ಆರೋಗ್ಯ ವಿಮೆ ಕಳೆದುಕೊಳ್ಳುತ್ತಾರೆ ಅಂತ ಅಮೆರಿಕದ ಸಂಸತ್ತಿನದೇ ಬಜೆಟ್ ಕಚೇರಿ ಅಂದಾಜು ಮಾಡಿತು. ಸಂಸತ್ತಿನ ಕೆಳಮನೆಯಾದ ಹೌಸ್‌ನಲ್ಲಿ ಅದು ಪಾಸಾಗಿದ್ದು 218–214ರಿಂದ. ಮೇಲ್ಮನೆಯಾದ ಸೆನೆಟ್‌ನಲ್ಲಿ 50–50 ಆಗಿ, ಉಪಾಧ್ಯಕ್ಷರ ಒಂದು ಓಟಿನಿಂದ ದಾಟಿತು. 2017ರಲ್ಲಿ ಒಬಾಮಕೇರ್ (ಒಬಾಮ ಕಾಲದ ಆರೋಗ್ಯ ವಿಮೆ ಕಾನೂನು) ರದ್ದು ಮಾಡುವ ಮಸೂದೆ ಸೆನೆಟ್‌ನಲ್ಲಿ 49–51ರಿಂದ ಬಿದ್ದಿತ್ತು. ಅದಕ್ಕೂ ಮುಂಚೆ ತಿಂಗಳುಗಟ್ಟಲೆ ಜನ ಫೋನ್ ಮಾಡಿದ್ದರು, ಸಭೆಗಳಲ್ಲಿ ಎದ್ದು ನಿಂತು ಕೇಳಿದ್ದರು. ಅಂತರ ಇಷ್ಟು ಸಣ್ಣದಿರುವಾಗ ಒಂದು ಕ್ಷೇತ್ರದ ನೂರಿನ್ನೂರು ಕರೆ ಸುಮ್ನೆ ಹೋಗುವುದಿಲ್ಲ.

ಯಾರಿಗೆ ಹೇಳಬೇಕು?

ನಿಮಗೆ ಹೌಸ್‌ನಲ್ಲಿ ಒಬ್ಬರು, ಸೆನೆಟ್‌ನಲ್ಲಿ ಇಬ್ಬರು ಇದ್ದಾರೆ. ಹೌಸ್‌ನ ವೆಬ್‌ಸೈಟ್‌ನಲ್ಲಿ ಝಿಪ್ ಕೋಡ್ ಹಾಕಿದರೆ ಹೆಸರು ಸಿಗುತ್ತದೆ. ಪಕ್ಕದ ಕ್ಷೇತ್ರದವರಿಗೆ, ಟಿವಿಯಲ್ಲಿ ಜಾಸ್ತಿ ಕಾಣಿಸುವವರಿಗೆ ಕರೆ ಮಾಡಿ ಪ್ರಯೋಜನವಿಲ್ಲ. ತಮ್ಮ ಕ್ಷೇತ್ರದವರಲ್ಲದವರ ಮಾತನ್ನು ಅವರು ಲೆಕ್ಕಕ್ಕೆ ಹಿಡಿಯುವುದು ಕಡಿಮೆ.

ಜೊತೆಗೆ ನಿಮ್ಮ ರಾಜ್ಯದ ಶಾಸಕರ ಹೆಸರನ್ನೂ ಬರೆದಿಟ್ಟುಕೊಳ್ಳಿ. ಅವರ ಕೆಲಸ ಏನು ಅಂತ ಮುಂದೆ ಹೇಳುತ್ತೇನೆ.

ಏನು ಕೇಳಬೇಕು?

‘ಬಡವರಿಗೆ ಸಹಾಯ ಮಾಡಿ’ ಅಂದರೆ ಯಾರೂ ಬೇಡ ಅನ್ನುವುದಿಲ್ಲ, ಯಾರೂ ಏನೂ ಮಾಡುವುದೂ ಇಲ್ಲ. ಒಂದೇ ಬೇಡಿಕೆ ಇಟ್ಟುಕೊಳ್ಳಿ. ‘ಇಂಥ ನಂಬರಿನ ಮಸೂದೆಗೆ ಬೇಡ ಅಂತ ಓಟು ಹಾಕಿ’ ಅಥವಾ ‘ಮೆಡಿಕೇಡ್‌ನ ಕೆಲಸದ ಷರತ್ತು ತೆಗೆಯುವ ಮಸೂದೆಗೆ ಜೊತೆಯಾಗಿ’. ಮಸೂದೆಯ ನಂಬರು, ಅದು ಯಾವ ಹಂತದಲ್ಲಿದೆ, ಎಲ್ಲವೂ ಸಂಸತ್ತಿನ ವೆಬ್‌ಸೈಟ್‌ನಲ್ಲಿ ಸಿಗುತ್ತವೆ.

ಕೆಲಸದ ಷರತ್ತು ಅಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ತಿಂಗಳಿಗೆ 80 ಗಂಟೆ ದುಡಿಮೆ, ಓದು ಅಥವಾ ಸಮಾಜ ಸೇವೆಯ ಲೆಕ್ಕ ತೋರಿಸಿದರೆ ಮಾತ್ರ ಎಷ್ಟೋ ವಯಸ್ಕರಿಗೆ ಮೆಡಿಕೇಡ್ ಅನ್ನುತ್ತದೆ ಹೊಸ ಕಾನೂನು. ಕೇಳಲಿಕ್ಕೆ ಸರಿಯಾಗಿಯೇ ಇದೆ, ಅಲ್ವಾ? ಅರ್ಕಾನ್ಸಾ ರಾಜ್ಯ 2018ರಲ್ಲಿ ಇದನ್ನೇ ಮಾಡಿ ನೋಡಿತು. ಕೆಲವೇ ತಿಂಗಳಲ್ಲಿ 18,000ಕ್ಕೂ ಹೆಚ್ಚು ಜನರ ಮೆಡಿಕೇಡ್ ಹೋಯಿತು. ಅವರಲ್ಲಿ ಎಷ್ಟೋ ಜನ ದುಡಿಯುತ್ತಲೇ ಇದ್ದವರು. ಲೆಕ್ಕ ಕೊಡಬೇಕಿದ್ದ ವೆಬ್‌ಸೈಟ್ ರಾತ್ರಿ 9ಕ್ಕೆ ಬಾಗಿಲು ಹಾಕಿ ಬೆಳಿಗ್ಗೆ 7ಕ್ಕೆ ತೆಗೆಯುತ್ತಿತ್ತು! ಹಗಲೆಲ್ಲ ಹೋಟೆಲಿನಲ್ಲಿ ಪಾತ್ರೆ ತೊಳೆದು ರಾತ್ರಿ ಹತ್ತಕ್ಕೆ ಮನೆಗೆ ಬರುವವರು ಲೆಕ್ಕ ಕೊಡುವುದು ಯಾವಾಗ? 2019ರ ಮಾರ್ಚ್‌ನಲ್ಲಿ ಕೋರ್ಟ್ ಅದನ್ನು ನಿಲ್ಲಿಸಿತು. ಫೋನಿನಲ್ಲಿ ಹೇಳಲು ಇಂಥ ಒಂದು ಉದಾಹರಣೆ ಸಾಕು, ಹತ್ತು ಅಂಕಿ ಬೇಡ.

ಅದಕ್ಕಿಂತ ಗಟ್ಟಿ, ನೀವೇ ಕಂಡದ್ದು. ನೀವು ನರ್ಸ್ ಆಗಿದ್ದರೆ, ಔಷಧಿ ಅಂಗಡಿಯಲ್ಲಿದ್ದರೆ, ದೇವಸ್ಥಾನದ ಕಡೆಯಿಂದ, ಇಲ್ಲದವರಿಗೆ ಪುಕ್ಕಟೆ ದಿನಸಿ ಕೊಡುವ ಫುಡ್ ಬ್ಯಾಂಕ್‌ನಲ್ಲಿ ಸೇವೆ ಮಾಡುವವರಾಗಿದ್ದರೆ, ಅಲ್ಲಿ ನೋಡಿದ ಒಂದು ಸಂಗತಿ ಹೇಳಿ. ಬೇರೆಯವರ ಹೆಸರು ಮಾತ್ರ ಹೇಳಬೇಡಿ.

ಫೋನ್ ಮಾಡುವಾಗ

ಸಂಸತ್ ಭವನ ಕ್ಯಾಪಿಟಲ್‌ನ ಸ್ವಿಚ್‌ಬೋರ್ಡ್ ನಂಬರ್ 202-224-3121. ಪ್ರತಿನಿಧಿಯ ಹೆಸರು ಹೇಳಿದರೆ ಅವರ ಕಚೇರಿಗೆ ಕೊಡುತ್ತಾರೆ. ಫೋನ್ ಎತ್ತುವುದು ಪ್ರತಿನಿಧಿಯಲ್ಲ, ಬಹುತೇಕ ಇಪ್ಪತ್ತರ ಹರೆಯದ ಇಂಟರ್ನ್ ಅಥವಾ ಸಹಾಯಕರು. ಅವರು ಕೇಳುವುದು ಹೆಸರು, ಊರು, ಝಿಪ್ ಕೋಡ್, ಕೆಲವೊಮ್ಮೆ ವಿಳಾಸ. ವೀಸಾ ಯಾವುದು ಅಂತ ಕೇಳುವ ರೂಢಿ ಇಲ್ಲ, ನೀವಾಗಿಯೇ ಹೇಳುವ ಅಗತ್ಯವೂ ಇಲ್ಲ. ನಿಮ್ಮ ಮಾತು ಪರವೋ ವಿರುದ್ಧವೋ ಅಂತ ಬರೆದುಕೊಳ್ಳುತ್ತಾರೆ. ಎಷ್ಟು ಜನ ಏನು ಹೇಳಿದರು ಅನ್ನುವ ಲೆಕ್ಕ ಮೇಲಿನವರಿಗೆ ಹೋಗುತ್ತದೆ.

ಇಂಗ್ಲಿಷ್‌ನಲ್ಲಿ ಹೇಳಬೇಕಾದ್ದು ಇಷ್ಟೇ: ‘ನನ್ನ ಹೆಸರು ಇಂಥದ್ದು, ನಿಮ್ಮ ಕ್ಷೇತ್ರದ ಇಂಥ ಊರಿನಲ್ಲಿದ್ದೇನೆ. ಸ್ನ್ಯಾಪ್‌ಗೆ ಇನ್ನಷ್ಟು ಕಡಿತ ಮಾಡುವ ಮಸೂದೆಯನ್ನು ವಿರೋಧಿಸಿ ಅಂತ ಕೇಳಲು ಕರೆ ಮಾಡಿದೆ. ನಮ್ಮ ಊರಿನ ಫುಡ್ ಬ್ಯಾಂಕ್‌ನಲ್ಲಿ ನಾನು ಹೀಗೆ ನೋಡಿದ್ದೇನೆ. ಅವರು ಹೇಗೆ ಓಟು ಹಾಕುತ್ತಾರೆ ಅಂತ ತಿಳಿಸ್ತೀರಾ?’ ಚೀಟಿಯಲ್ಲಿ ಬರೆದುಕೊಂಡು ಓದಿದರೂ ಏನೂ ತಪ್ಪಿಲ್ಲ. ಎರಡು ನಿಮಿಷದ ಕೆಲಸ. ನಮ್ಮ ಉಚ್ಚಾರಣೆ ಅರ್ಥವಾಗುತ್ತೋ ಇಲ್ಲವೋ ಅಂತ ಹಿಂಜರಿಯುವವರು ರಾತ್ರಿ ಕರೆ ಮಾಡಿ ವಾಯ್ಸ್‌ಮೇಲ್ ಬಿಡಬಹುದು.

ವಾಷಿಂಗ್ಟನ್ ಲೈನ್ ಸಿಗದಿದ್ದರೆ ಊರಿನ ಕಚೇರಿಗೆ ಮಾಡಿ. ನನ್ನ ಮಟ್ಟಿಗೆ ಅದೇ ಒಳ್ಳೆಯದು. ಅಲ್ಲಿರುವವರು ನಿಮ್ಮ ಊರಿನವರೇ, ಕೇಳುವ ಪುರುಸೊತ್ತೂ ಇರುತ್ತದೆ.

ಪತ್ರ ಮತ್ತು ಭೇಟಿ

2001ರಲ್ಲಿ ಆಂಥ್ರಾಕ್ಸ್ ಪುಡಿ ತುಂಬಿದ ಲಕೋಟೆಗಳು ಬಂದ ಮೇಲೆ ಸಂಸತ್ತಿಗೆ ಬರುವ ಅಂಚೆಯನ್ನೆಲ್ಲ ಪರೀಕ್ಷೆ ಮಾಡಿಯೇ ಒಳಗೆ ಬಿಡುತ್ತಾರೆ. ತಲುಪುವುದು ತಡ. ಓಟು ಹತ್ತಿರವಿದ್ದರೆ ಕಾಗದ ಬೇಡ, ಅವರ ವೆಬ್‌ಸೈಟಿನ ಫಾರಂ ತುಂಬಿ. ವಾಟ್ಸಾಪ್‌ನಲ್ಲಿ ಓಡಾಡುವ ಒಂದೇ ಒಕ್ಕಣೆಯನ್ನು ಅಂಟಿಸಬೇಡಿ. ಅಂಥವನ್ನೆಲ್ಲ ಒಂದೇ ಕಟ್ಟಿನಲ್ಲಿ ಸೇರಿಸಿಬಿಡುತ್ತಾರೆ. ನಾಲ್ಕು ಸಾಲಾದರೂ ನಿಮ್ಮದೇ ಇರಲಿ.

ಆಗಸ್ಟ್‌ನಲ್ಲಿ ಸಂಸತ್ತಿಗೆ ರಜೆ. ಪ್ರತಿನಿಧಿಗಳು ಊರಿಗೆ ಬರುತ್ತಾರೆ, ಕೆಲವರು ಟೌನ್ ಹಾಲ್ ಸಭೆ ನಡೆಸುತ್ತಾರೆ. ಕನ್ನಡ ಕೂಟದ ಮೂರ್ನಾಲ್ಕು ಜನ ಸೇರಿ ಹೋಗಿ. ಹೌದು ಅಥವಾ ಇಲ್ಲ ಅಂತಲೇ ಉತ್ತರ ಕೊಡಬೇಕಾದ ಪ್ರಶ್ನೆ ಕೇಳಿ.

ನಿಮ್ಮ ಪ್ರತಿನಿಧಿ ಮೊದಲೇ ಕಡಿತದ ವಿರುದ್ಧ ಇದ್ದರೆ? ಆಗಲೂ ಕರೆ ಮಾಡಿ. ಚಿಕ್ಕೋಡಿಯಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಬೆಳೆದು, 2023ರಲ್ಲಿ ಡೆಟ್ರಾಯಿಟ್‌ನಿಂದ ಹೌಸ್‌ಗೆ ಹೋದ ಶ್ರೀ ಥಾಣೇದಾರ್ 2025ರ ಮಸೂದೆಗೆ ಬೇಡ ಅಂದವರಲ್ಲಿ ಒಬ್ಬರು. ಅಂಥವರಿಗೆ ಥ್ಯಾಂಕ್ಸ್ ಹೇಳಿ, ಮುಂದೇನು ಮಾಡುತ್ತೀರಿ ಅಂತಲೂ ಕೇಳಿ.

ರಾಜ್ಯವನ್ನು ಮರೆಯಬೇಡಿ

ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ. ಹೊಸ ಕಾನೂನಿನ ಪ್ರಕಾರ 2027ರ ಅಕ್ಟೋಬರ್‌ನಿಂದ, ಸ್ನ್ಯಾಪ್ ಲೆಕ್ಕದಲ್ಲಿ ತಪ್ಪು ಜಾಸ್ತಿ ಇರುವ ರಾಜ್ಯಗಳು ನೆರವಿನ ದುಡ್ಡಿನಲ್ಲಿ 5ರಿಂದ 15 ಪರ್ಸೆಂಟ್ ತಾವೇ ಹಾಕಬೇಕು. ದುಡ್ಡಿಲ್ಲ ಅಂದರೆ ರಾಜ್ಯವೇ ಈ ಯೋಜನೆಯನ್ನು ಕೈಬಿಡುವ ಭಯವಿದೆ. ಮೆಡಿಕೇಡ್‌ನ 80 ಗಂಟೆಯ ಲೆಕ್ಕವನ್ನು ಹೇಗೆ ತೆಗೆದುಕೊಳ್ಳಬೇಕು ಅನ್ನುವುದರಲ್ಲೂ ರಾಜ್ಯದ ಕೈಯಲ್ಲಿ ಬಹಳಷ್ಟಿದೆ. ಹೊಸದಾಗಿ ಅರ್ಜಿ ಹಾಕುವವರಿಂದ ಒಂದು ತಿಂಗಳ ಲೆಕ್ಕ ಕೇಳಬಹುದು, ಮೂರು ತಿಂಗಳದ್ದೂ ಕೇಳಬಹುದು.

ಹಾಗಾಗಿ ರಾಜ್ಯದ ಶಾಸಕರಿಗೆ ಎರಡು ಮಾತು ಹೇಳಿ: ಒಂದೇ ತಿಂಗಳ ಲೆಕ್ಕ ಕೇಳಿ. ಸರ್ಕಾರದ ಹತ್ತಿರ ಸಂಬಳದ ದಾಖಲೆ ಇದ್ದೇ ಇದೆ, ಅದನ್ನು ನೋಡಿ ಒಪ್ಪಿಕೊಳ್ಳಿ, ಜನರನ್ನು ಮತ್ತೆ ಕಾಗದಕ್ಕೆ ಅಲೆಸಬೇಡಿ. ಹೆಚ್ಚಿನ ರಾಜ್ಯಗಳ ಬಜೆಟ್ ವರ್ಷ ಜುಲೈ 1ಕ್ಕೆ ಶುರು. ಅದರ ಚರ್ಚೆ ವರ್ಷದ ಮೊದಲ ತಿಂಗಳುಗಳಲ್ಲೇ ನಡೆಯುತ್ತದೆ. ಆ ಹೊತ್ತಿನ ಸಮಿತಿ ಸಭೆಗಳಲ್ಲಿ ಜನರಿಗೆ ಮಾತಾಡಲು ಒಂದೆರಡು ನಿಮಿಷ ಕೊಡುವುದುಂಟು, ಎಷ್ಟೋ ಕಡೆ ಆನ್‌ಲೈನ್‌ನಲ್ಲೂ. ಹೆಸರು ಮೊದಲೇ ಕೊಟ್ಟಿರಬೇಕು, ಹಾಗಾಗಿ ಸಮಿತಿಯ ವೇಳಾಪಟ್ಟಿಯನ್ನು ಜನವರಿಯಲ್ಲೇ ನೋಡಿಡಿ.

ಓಟು ಮುಗಿದ ಮೇಲೆ ಯಾರು ಹೇಗೆ ಹಾಕಿದರು ಅನ್ನುವುದು ಹೌಸ್, ಸೆನೆಟ್ ವೆಬ್‌ಸೈಟ್‌ಗಳಲ್ಲಿ ಹೆಸರು ಸಮೇತ ಬರುತ್ತದೆ. ನೋಡಿ, ಅದೇ ಕಚೇರಿಗೆ ಇನ್ನೊಂದು ಫೋನ್ ಹಚ್ಚಿ. ನೀವು ಕೇಳಿದ ಹಾಗೆ ಹಾಕಿದ್ದರೆ ಥ್ಯಾಂಕ್ಸ್ ಹೇಳಿ. ಇಲ್ಲದಿದ್ದರೆ ಯಾಕೆ ಅಂತ ಕೇಳಿ, ಉತ್ತರ ಬರಹದಲ್ಲಿ ಬೇಕು ಅನ್ನಿ.