ಅಟ್ಟದ ಮೇಲಿನ ಮರದ ಕ್ಯಾಮೆರಾಗೆ ಹೋಲ್ಡರ್ ಹುಡುಕುವುದು ಹೇಗೆ?

ಅಟ್ಟದಿಂದ ಇಳಿಸಿದ ಮರದ ಕ್ಯಾಮೆರಾ. ಲೆನ್ಸ್ ಇದೆ, ತಿದಿ ಹರಿದಿಲ್ಲ, ಹಿತ್ತಾಳೆ ತಿರುಪುಗಳೂ ತಿರುಗುತ್ತವೆ. ಫಿಲ್ಮ್ ಹಾಕುವ ಹೋಲ್ಡರ್ ಮಾತ್ರ ಇಲ್ಲ. ಹಳೇ ಸ್ಟುಡಿಯೊ ಕ್ಯಾಮೆರಾಗಳಲ್ಲಿ ಇದು ಮಾಮೂಲಿ. ಚೆಂದ ಕಾಣುತ್ತದೆ ಅಂತ ಕ್ಯಾಮೆರಾ ಉಳಿಸಿಕೊಳ್ಳುತ್ತಾರೆ, ಹೋಲ್ಡರ್‌ಗಳ ಪೆಟ್ಟಿಗೆ ಗುಜರಿಗೆ ಹೋಗಿರುತ್ತದೆ.

ನನ್ನ ಹಾಫ್ ಪ್ಲೇಟ್ ಕ್ಯಾಮೆರಾಗೂ ಹೀಗೇ ಆಗಿತ್ತು. ‘ಹಾಫ್ ಪ್ಲೇಟ್ ಹೋಲ್ಡರ್ ಇದೆ’ ಅಂದವರೊಬ್ಬರಿಗೆ ಸುಮ್ನೆ ದುಡ್ಡು ಕಳಿಸಿದೆ. ಬಂದದ್ದು ನಿಜಕ್ಕೂ ಹಾಫ್ ಪ್ಲೇಟೇ. ಆದರೆ ಕ್ಯಾಮೆರಾದ ತೋಡಿಗಿಂತ ಎರಡು ಮಿಲಿಮೀಟರ್ ಅಗಲ ಜಾಸ್ತಿ. ಒಳಗೆ ಹೋಗಲೇ ಇಲ್ಲ. ಮಾರಿದವರು ಸುಳ್ಳು ಹೇಳಿರಲಿಲ್ಲ. ಹಾಫ್ ಪ್ಲೇಟ್ ಅನ್ನುವುದು ಆಗ ಫಿಲ್ಮ್ ಬದಲು ಹೋಲ್ಡರ್ ಒಳಗೆ ಕೂರುತ್ತಿದ್ದ ಗಾಜಿನ ಪ್ಲೇಟಿನ ಅಳತೆ, ಹೊರಗಿನ ಮರದ್ದಲ್ಲ. ಇಂಗ್ಲೆಂಡಿನ ಥಾರ್ನ್‌ಟನ್ ಪಿಕಾರ್ಡ್ ಇರಲಿ, ಆಲಪ್ಪುಳದಲ್ಲಿ ತಯಾರಾದ ವಾಗೀಶ್ವರಿ ಇರಲಿ, ಆ ಕಾಲದ ಮರದ ಕ್ಯಾಮೆರಾ ಮಾಡುವವರು ಹೋಲ್ಡರನ್ನು ತಮ್ಮ ಕ್ಯಾಮೆರಾಗೆ ಸರಿಯಾಗಿ ಕೊರೆದುಕೊಳ್ಳುತ್ತಿದ್ದರು. ಪಕ್ಕದವರದು ನಿಮ್ಮದಕ್ಕೆ ಕೂರುತ್ತದೆ ಅನ್ನುವ ಖಾತ್ರಿ ಇಲ್ಲ.

ಹಾಗಾಗಿ ಹುಡುಕುವ ಮೊದಲು ಕ್ಯಾಮೆರಾದ ಬೆನ್ನು ನೋಡಿ. ಫೋಕಸ್ ನೋಡುವ ಮಸುಕು ಗಾಜಿನ ಚೌಕಟ್ಟು ಕೀಲಿನ ಮೇಲೆ ಪಕ್ಕಕ್ಕೆ ಸರಿದು, ಆ ಜಾಗಕ್ಕೆ ಹೋಲ್ಡರ್ ಜಾರಿ ಕೂರುವಂತಿದ್ದರೆ ಅದು ಹಳೇ ಬ್ರಿಟಿಷ್ ಪದ್ಧತಿ. ನಮ್ಮ ದೇಶದ ಮರದ ಕ್ಯಾಮೆರಾಗಳಲ್ಲಿ ಇದೇ ಜಾಸ್ತಿ. ಗಾಜು ಸ್ಪ್ರಿಂಗ್ ಮೇಲೆ ಹಿಂದಕ್ಕೆ ಎದ್ದು, ಅದರ ಕೆಳಗೆ ಹೋಲ್ಡರ್ ನುಗ್ಗುವಂತಿದ್ದರೆ ನಿಮ್ಮ ಅದೃಷ್ಟ. ಈಗಿನ 4×5 ಅಥವಾ 5×7 ಇಂಚಿನ ಹೋಲ್ಡರ್ ನೇರವಾಗಿ ಕೂತರೂ ಕೂತೀತು. ಗ್ರಾಫ್ಲೆಕ್ಸ್‌ನ ಹಳೇ ರಿಫ್ಲೆಕ್ಸ್ (ಒಳಗೆ ಕನ್ನಡಿ ಇರುವ) ಕ್ಯಾಮೆರಾ ಆದರೆ ಎಚ್ಚರ. ಅದರ ಹೋಲ್ಡರ್‌ನ ಅಂಚಿನಲ್ಲಿ ಬೆಳಕು ತಡೆಯುವ ಉಬ್ಬು ಇರುವುದಿಲ್ಲ, ತೋಡು ಇರುತ್ತದೆ. ಫಿಲ್ಮ್ ಅಳತೆ ಒಂದೇ ಆದರೂ ಮಾಮೂಲಿ ಹೋಲ್ಡರ್ ಕೂರದು.

ಆಮೇಲೆ ಅಳತೆ. ಮಸುಕು ಗಾಜು ಸುಮಾರು 83×108 ಮಿ.ಮೀ. ಇದ್ದರೆ ಕ್ವಾರ್ಟರ್ ಪ್ಲೇಟ್, 121×165 ಇದ್ದರೆ ಹಾಫ್ ಪ್ಲೇಟ್, 165×216 ಇದ್ದರೆ ಫುಲ್ ಪ್ಲೇಟ್. ಇದು ಗೊತ್ತಾದ ಮೇಲೆ ವರ್ನಿಯರ್ ಕ್ಯಾಲಿಪರ್ ತಗೊಳ್ಳಿ. ತೋಡಿನ ಅಗಲ, ಎತ್ತರ, ಹೋಲ್ಡರ್ ಎಷ್ಟು ದಪ್ಪ ಇದ್ದರೆ ಒಳಗೆ ಹೋಗುತ್ತದೆ, ಬೆಳಕು ತಡೆಯುವ ಉಬ್ಬು ಎಲ್ಲಿ ಬರಬೇಕು, ಎಲ್ಲವನ್ನೂ ಬರೆದಿಡಿ. ದಪ್ಪ ರಟ್ಟಿನಲ್ಲಿ ಒಂದು ನಕಲಿ ಹೋಲ್ಡರ್ ಕತ್ತರಿಸಿ ಜಾರಿಸಿ ನೋಡಿದರೆ ಇನ್ನೂ ಒಳ್ಳೆಯದು. ನಾನು ಮದುವೆ ಕಾರ್ಡಿನ ರಟ್ಟು ಅಂಟಿಸಿ ಮಾಡಿದ್ದೆ. ಅಂಗಡಿಗೆ ಕ್ಯಾಮೆರಾ ಹೊತ್ತುಕೊಂಡು ಹೋಗುವುದು ತಪ್ಪುತ್ತದೆ.

ಎಲ್ಲಕ್ಕಿಂತ ಮುಖ್ಯ ಆಳ. ಗಾಜಿನ ಮಸುಕು ಮೈ ಲೆನ್ಸ್‌ನಿಂದ ಎಷ್ಟು ದೂರವಿದೆಯೋ ಫಿಲ್ಮೂ ಅಷ್ಟೇ ದೂರದಲ್ಲಿ ಕೂರಬೇಕು. ಅರ್ಧ ಮಿಲಿಮೀಟರ್ ತಪ್ಪಿದರೂ ಲೆನ್ಸ್ ಪೂರ್ತಿ ತೆರೆದಾಗ ಮುಖದ ಬದಲು ಕಿವಿ ಚೂಪಾಗಿ ಬರುತ್ತದೆ. ಹೋಲ್ಡರ್ ಮುಖದ ಮೇಲೆ ಅಡ್ಡಲಾಗಿ ಸ್ಕೇಲ್ ಇಟ್ಟು, ಕ್ಯಾಲಿಪರಿನ ಬಾಲದ ಕಡ್ಡಿ ಕೆಳಗಿಳಿಸಿ ಅಳೆಯಿರಿ. ಸ್ಕೇಲಿನ ದಪ್ಪ ಕಳೆಯಲು ಮರೆಯಬೇಡಿ. ಈಗಿನ 4×5 ಹೋಲ್ಡರುಗಳಲ್ಲಿ ಫಿಲ್ಮ್ ಕೂರುವ ತಳ ಮುಖದಿಂದ ಸುಮಾರು 5 ಮಿ.ಮೀ. ಒಳಗಿರುತ್ತದೆ, 5×7ರಲ್ಲಿ 5.8, 8×10ರಲ್ಲಿ 6.6. ಹಳೇ ಮರದ ಹೋಲ್ಡರುಗಳಿಗೆ ಇಂಥ ಒಂದೇ ಲೆಕ್ಕ ಇಲ್ಲ, ಪ್ರತಿಯೊಂದನ್ನೂ ಅಳೆಯಲೇಬೇಕು.

ಈಗ ಹುಡುಕಾಟ. ಬ್ರಿಟಿಷರ ಬಾಯಲ್ಲಿ ಇಡೀ ಹೋಲ್ಡರಿಗೇ ‘ಡಾರ್ಕ್ ಸ್ಲೈಡ್’ ಅನ್ನುತ್ತಾರೆ, ಅಮೆರಿಕದವರು ಫಿಲ್ಮ್ ಮುಚ್ಚಿರುವ, ಫೋಟೊ ತೆಗೆಯುವ ಮುಂಚೆ ಎಳೆಯುವ ತಗಡಿಗೆ ಮಾತ್ರ. ಎರಡೂ ಅರ್ಥದಲ್ಲಿ ಹುಡುಕಿ. ಮುಂಬೈಯ ಚೋರ್ ಬಜಾರ್, ಬೆಂಗಳೂರಿನ ಸಂಡೆ ಬಜಾರ್ ಸುತ್ತಾಡಬಹುದು. ನನ್ನ ಮಟ್ಟಿಗೆ ಊರಿನ ಹಳೇ ಸ್ಟುಡಿಯೊಗಳೇ ವಾಸಿ. ಹೋಲ್ಡರ್ ಸಿಕ್ಕರೆ ಪುಸ್ತಕದಂತೆ ತೆರೆದು ನೋಡಿ. ಕೀಲಿನ ಬಟ್ಟೆ ಸವೆದಿರುವುದು, ತಗಡು ಎಳೆಯುವ ಕಂಡಿಯ ವೆಲ್ವೆಟ್ ಉದುರಿರುವುದು ಸಾಮಾನ್ಯ, ಸರಿಮಾಡಬಹುದು. ಸೊಟ್ಟಗಾದ ಮರ ಬೇಡ.

ಒಳಗೆ ಫಿಲ್ಮ್ ಶೀತ್ ಇದೆಯಾ ಅಂತಲೂ ನೋಡಿ. ಅಂಚು ಮಡಚಿದ ತೆಳು ಕರಿ ತಗಡು ಅದು. ಹಳೇ ಹೋಲ್ಡರ್ ಗಾಜಿನ ಪ್ಲೇಟಿಗಾಗಿ ಮಾಡಿದ್ದು. ಒಂದೂವರೆ ಮಿಲಿಮೀಟರ್ ಗಾಜಿನ ಜಾಗದಲ್ಲಿ 0.2 ಮಿ.ಮೀ. ಫಿಲ್ಮ್ ನಿಲ್ಲುವುದಿಲ್ಲ, ಬಾಗುತ್ತದೆ. ಶೀತ್‌ಗೆ ಫಿಲ್ಮ್ ತೂರಿಸಿ, ಶೀತನ್ನು ಹೋಲ್ಡರಿಗೆ ಹಾಕಬೇಕು. ಹಾಫ್ ಪ್ಲೇಟ್ ಫಿಲ್ಮ್ ಬೇಕಾದರೆ ಇಲ್‌ಫರ್ಡ್‌ನವರು ವರ್ಷಕ್ಕೊಮ್ಮೆ ತೆಗೆದುಕೊಳ್ಳುವ ವಿಶೇಷ ಅಳತೆಗಳ ಆರ್ಡರ್‌ಗೆ ಕಾಯಬೇಕು. ಇಲ್ಲವೇ ಕತ್ತಲಲ್ಲಿ 5×7 ಫಿಲ್ಮನ್ನು ಕತ್ತರಿಸಿಕೊಳ್ಳಬೇಕು. ಫಿಲ್ಮನ್ನು ಉದ್ದುದ್ದವಾಗಿ ನಿಲ್ಲಿಸಿ, ಅಂಚಿನ ಕಚ್ಚು ಬಲಗಡೆ ಮೇಲ್ಮೂಲೆಯಲ್ಲಿ ಬರುವಂತೆ ಹಿಡಿದರೆ ಎಮಲ್ಷನ್ (ಬೆಳಕು ಹಿಡಿಯುವ ಲೇಪ) ನಿಮ್ಮ ಕಡೆಗಿರುತ್ತದೆ. ಎಡ ಮತ್ತು ಕೆಳಗಿನ ಅಂಚು ಮಾತ್ರ ಕತ್ತರಿಸಿದರೆ ಕಚ್ಚು ಉಳಿಯುತ್ತದೆ.

ಯಾವುದೂ ಹೊಂದದಿದ್ದರೆ? ಉಜ್ಜಿ ಕೂರಿಸಲು ಹೋಗಬೇಡಿ, ಕ್ಯಾಮೆರಾವನ್ನಂತೂ ಖಂಡಿತ ಬೇಡ. ಗಾಜಿನ ಚೌಕಟ್ಟು ಬಿಚ್ಚಿ, ಅದೇ ಅಳತೆಯ ಹೊಸ ಬೆನ್ನು ಬಡಗಿಯಿಂದ ಮಾಡಿಸಿ. ನಡುವೆ ಹಾಳಾದ ಯಾವುದಾದರೂ 4×5 ಕ್ಯಾಮೆರಾದ ಸ್ಪ್ರಿಂಗ್ ಬೆನ್ನು ಕೂರಿಸಬಹುದು. ಚಿತ್ರ ಚಿಕ್ಕದಾಗುತ್ತದೆ ನಿಜ. ಆದರೆ ಫಿಡಿಲಿಟಿ, ಟೊಯೊ, ಯಾವ ಕಂಪನಿಯ ಹೋಲ್ಡರಾದರೂ ನಡೆಯುತ್ತದೆ, ಫಿಲ್ಮೂ ಸುಲಭವಾಗಿ ಸಿಗುತ್ತದೆ.

ಪರೀಕ್ಷೆಗೆ ಫಿಲ್ಮ್ ಹಾಳು ಮಾಡಬೇಡಿ, ಕಪ್ಪು ಬಿಳುಪು ಪ್ರಿಂಟಿಂಗ್ ಪೇಪರ್ ಸಾಕು. ಕೆಂಪು ದೀಪದಲ್ಲೇ ತುಂಬಬಹುದು. ಲೆನ್ಸ್ ಮುಚ್ಚಿ, ತಗಡು ಎಳೆದು, ಕ್ಯಾಮೆರಾವನ್ನು ಐದು ನಿಮಿಷ ಬಿಸಿಲಲ್ಲಿಟ್ಟು ಡೆವಲಪ್ ಮಾಡಿ. ಬೆಳಕು ಸೋರುತ್ತಿದ್ದರೆ ಕರಿ ಗೆರೆ ಬಂದೇ ಬರುತ್ತದೆ. ಆಮೇಲೆ ಒಂದು ಸ್ಕೇಲನ್ನು ಓರೆಯಾಗಿ ನಿಲ್ಲಿಸಿ, ಲೆನ್ಸ್ ಪೂರ್ತಿ ತೆರೆದು, 15ರ ಮೇಲೆ ಫೋಕಸ್ ಮಾಡಿ ತೆಗೆಯಿರಿ. ಪೇಪರಿನಲ್ಲಿ ಕ್ಯಾಮೆರಾಗೆ ಹತ್ತಿರದ ಅಂಕಿ ಚೂಪಾಗಿ ಬಂದರೆ ಫಿಲ್ಮ್ ಗಾಜಿಗಿಂತ ಹಿಂದಿದೆ ಅಂತ ಅರ್ಥ. ಗಾಜು ಕೂರುವ ಅಂಚಿನ ನಾಲ್ಕೂ ಮೂಲೆಗೆ ರಟ್ಟಿನ ಚೂರು ಕೊಟ್ಟು ಗಾಜನ್ನು ಹಿಂದಕ್ಕೆ ತನ್ನಿ. ನನ್ನದಕ್ಕೆ ಎರಡು ಪದರ ಪೋಸ್ಟ್ ಕಾರ್ಡ್ ಬೇಕಾಯಿತು. ಈಗಲೂ ಅಲ್ಲೇ ಇದೆ.